ಕಡಿವಾಣ ಕುದುರೆಗೋ, ಕೈಗೋ?

ಬೆಲೆಯೇರಿಕೆಗೆ ಕಡಿವಾಣ, ದುಂದುವೆಚ್ಚಕ್ಕೆ ಕಡಿವಾಣ, ಪುಂಡಾಟಕ್ಕೆ ಕಡಿವಾಣ – ದಿನಪತ್ರಿಕೆಯನ್ನು ಬಿಡಿಸಿದರೆ ಈ ಪದ ಒಂದೆರಡು ಕಡೆಯಾದರೂ ಕಣ್ಣಿಗೆ ಬೀಳದೆ ಇರದು. ಮನೆಗಳಲ್ಲಿಯೂ ಅಷ್ಟೆ. ಮಗನ ಮೊಬೈಲ್ ಹುಚ್ಚಿಗೆ, ಮಗಳ ಎದುರುಮಾತಿಗೆ, ಗಂಡನ ಕುಡಿತಕ್ಕೆ "ಸ್ವಲ್ಪ ಕಡಿವಾಣ ಹಾಕಿ ಸ್ವಾಮಿ" ಎಂದು ಧರ್ಮಗುರುಗಳಲ್ಲಿ ಬೇಡಿಕೊಳ್ಳುವವರು ಎಷ್ಟೋ ಮಂದಿ. ಆದರೆ ಹೀಗೆ ದಿನವೂ ಬಳಸುವ ಮಾತಿನ ಹಿಂದಿರುವ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ವಿರಳ. ಎತ್ತಿನ ಮೂಗುದಾರವನ್ನು ಬಲ್ಲ ಒಕ್ಕಲು ಮನೆತನದವರು ನಾವು. ಕುದುರೆಯ ಬಾಯೊಳಗೆ ಕೂರುವ ಆ ಲೋಹದ ತುಂಡು ನಮಗೆ ಅಪರಿಚಿತ. ಐವತ್ತರ ಗಡಿ ಮುಟ್ಟುವ ತನಕ ನಾನೂ ಅದನ್ನು ಕಂಡವನಲ್ಲ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಮೂರು ವರ್ಷ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತು. ಕಣ್ಣು ಹಾಯುವಷ್ಟು ದೂರ ಒಣಹುಲ್ಲಿನ ಬಯಲು, ನಡುನಡುವೆ ದನದ ದೊಡ್ಡಿಗಳು. ಭಾನುವಾರದ ಬಲಿಪೂಜೆಗೆ ಬರುವ ಗಂಡಸರು ತಮ್ಮ ಅಗಲವಾದ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂರುತ್ತಿದ್ದರು. ಅವರಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಪತ್ನಿ ತೀರಿಕೊಂಡಿದ್ದರು, ಮಕ್ಕಳು ದೂರದ ನಗರಗಳಲ್ಲಿದ್ದರು. ಮರಿ ಕುದುರೆಗಳನ್ನು ಪಳಗಿಸುವುದೇ ಅವರ ಜೀವನದ ಕಸುಬು. ಸಂಜೆಯ ಬಿಡುವಿನಲ್ಲಿ ಅವರ ಬೇಲಿಯ ಬಳಿ ಹೋಗಿ ನಿಲ್ಲುವುದು ನನಗೆ ರೂಢಿಯಾಯಿತು.

ಅವರ ಲಾಯದ ಒಂದು ಗೋಡೆಯ ತುಂಬ ಕಡಿವಾಣಗಳು ತೂಗಾಡುತ್ತಿದ್ದವು. ನಲವತ್ತಕ್ಕೆ ಕಡಿಮೆ ಇರಲಾರವು. "ಇವುಗಳಲ್ಲಿ ನೀವು ಹೆಚ್ಚು ಬಳಸುವುದು ಯಾವುದು?" ಎಂದು ಕೇಳಿದೆ. ಅವರು ತೀರ ಸಾದಾ ಆದ, ಉಂಗುರಗಳೆರಡರ ನಡುವೆ ನಯವಾದ ಸರಳಿರುವ ಒಂದನ್ನು ತೆಗೆದು ತೋರಿಸಿದರು. "ಹಾಗಾದರೆ ಮಿಕ್ಕವು?" ಎಂದೆ. "ಕೆಲವು ನಮ್ಮ ಅಪ್ಪನವು, ಫಾದರ್. ಉಳಿದವು ನಾನು ತಾಳ್ಮೆ ಕಳೆದುಕೊಂಡಾಗಲೆಲ್ಲ ಕೊಂಡುತಂದವು" ಎಂದು ನಕ್ಕರು. ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಇನ್ನೊಂದು ಜೀವವನ್ನು ತಿದ್ದುವ ಅಧಿಕಾರ ನಮಗೆ ದೊರೆತಾಗ, ಆ ಅಧಿಕಾರದ ಉಪಕರಣವನ್ನು ನಾವು ಹೇಗೆ ಆರಿಸಿಕೊಳ್ಳಬೇಕು? ಅದನ್ನು ಬಳಸುವ ಯೋಗ್ಯತೆ ನಮಗೆ ಯಾವಾಗ ಬರುತ್ತದೆ? ಈ ಪ್ರಶ್ನೆಯನ್ನು ಅಲ್ಲಿ ಕಂಡ ಸಂಗತಿಗಳ ಬೆಳಕಿನಲ್ಲಿ ಸ್ವಲ್ಪ ಆಲೋಚಿಸೋಣ.

ಬಾಯೆಂಬ ಮೃದು ನೆಲ

ಕುದುರೆಯ ಬಾಯಿಯ ಮುಂಭಾಗದಲ್ಲಿ ಹುಲ್ಲನ್ನು ಕತ್ತರಿಸುವ ಬಾಚಿಹಲ್ಲುಗಳಿವೆ. ಹಿಂಭಾಗದಲ್ಲಿ ಅರೆಯುವ ದವಡೆಹಲ್ಲುಗಳಿವೆ. ಇವೆರಡರ ನಡುವೆ ಬರಿದಾದ ಒಂದು ಜಾಗವಿದೆ. ಗಂಡು ಕುದುರೆಗಳಲ್ಲಿ ಅಲ್ಲೊಂದು ಕೋರೆಹಲ್ಲು ಮೂಡುವುದುಂಟು; ಉಳಿದಂತೆ ಅದು ಹಲ್ಲಿಲ್ಲದ ಒಸಡು. ಕಡಿವಾಣ ಕೂರುವುದು ಅಲ್ಲಿಯೇ. ಆ ಸ್ಥಳದಲ್ಲಿ ಕೆಳದವಡೆಯ ಮೂಳೆ ತೀರ ಕಿರಿದಾಗಿದೆ. ಅದರ ಮೇಲಿರುವುದು ತೆಳುವಾದ ಒಂದು ಪೊರೆ ಮಾತ್ರ. ಉಳಿದ ಜಾಗವನ್ನೆಲ್ಲ ನಾಲಗೆ ತುಂಬಿಕೊಂಡಿರುತ್ತದೆ. ನಾಲ್ಕೂವರೆ ಐದು ನೂರು ಕಿಲೋ ತೂಗುವ ಪ್ರಾಣಿಯನ್ನು ಮನುಷ್ಯ ನಡೆಸುವುದು ಅದರ ದೇಹದ ಇಂತಹ ಅತಿ ಸೂಕ್ಷ್ಮವಾದ ಒಂದು ಎಡೆಯ ಮೂಲಕ. ಕುದುರೆ ತನ್ನ ಬಲವನ್ನಲ್ಲ, ತನ್ನ ನೋವು ತಾಕುವ ಜಾಗವನ್ನು ನಮ್ಮ ಕೈಗೆ ಒಪ್ಪಿಸುತ್ತದೆ. ಅಧಿಕಾರದ ಕುರಿತಾದ ಯಾವ ಚಿಂತನೆಯೂ ಇಲ್ಲಿಂದಲೇ ಆರಂಭವಾಗಬೇಕೆಂದು ನನಗೆ ತೋರುತ್ತದೆ.

ಅಮೆರಿಕದ ಪಶ್ಚಿಮದ ದನಗಾಹಿಗಳ ಸವಾರಿ ಪದ್ಧತಿಯಲ್ಲಿ ಬಳಸುವ ಕಡಿವಾಣಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸ್ನ್ಯಾಫಲ್. ಬಾಯೊಳಗಿನ ಸರಳು, ಅದರ ಎರಡು ತುದಿಗಳಲ್ಲಿ ಎರಡು ಉಂಗುರಗಳು. ಲಗಾಮಿನ ಪಟ್ಟಿಯನ್ನು ನೇರವಾಗಿ ಆ ಉಂಗುರಗಳಿಗೇ ಕಟ್ಟುತ್ತಾರೆ. ಕೈ ಎಷ್ಟು ಎಳೆಯುತ್ತದೋ ಬಾಯಿಗೆ ತಲುಪುವುದೂ ಅಷ್ಟೆ. ಎರಡನೆಯದು ಕರ್ಬ್. ಇದರಲ್ಲಿ ಸರಳಿನ ಎರಡು ಕಡೆಗಳಲ್ಲಿಯೂ ಕೆಳಕ್ಕಿಳಿಯುವ ಉದ್ದನೆಯ ತೋಳುಗಳಿವೆ. ಲಗಾಮು ಆ ತೋಳುಗಳ ತುದಿಗೆ ಸೇರುತ್ತದೆ. ಗಲ್ಲದ ಕೆಳಗೆ ಒಂದು ಪಟ್ಟಿ ಹಾದುಹೋಗುತ್ತದೆ. ಬಾವಿಯ ಬಳಿಯ ಏತವನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಸರಳಿನ ಮೇಲಿನ ಭಾಗ ಒಂದೂವರೆ ಅಂಗುಲ, ಕೆಳಗಿನ ತೋಳು ನಾಲ್ಕೂವರೆ ಅಂಗುಲವಿದ್ದರೆ ಕೈಯ ಎಳೆತ ಸುಮಾರು ಮೂರು ಪಟ್ಟು ಹೆಚ್ಚುತ್ತದೆ. ಅಂದರೆ ಸವಾರನ ಒಂದು ಸಣ್ಣ ಸಿಡುಕು ಕುದುರೆಯ ಬಾಯಲ್ಲಿ ದೊಡ್ಡ ಸಿಟ್ಟಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಆ ಹಿರಿಯರು ಮತ್ತೆ ಮತ್ತೆ ಹೇಳುತ್ತಿದ್ದರು. ಅಂಗಡಿಗಳಲ್ಲಿ ನಡುವೆ ಕೀಲಿರುವ ಸರಳನ್ನು ಕಂಡ ಕೂಡಲೆ ಜನ ಅದನ್ನು ಸೌಮ್ಯವಾದ ಸ್ನ್ಯಾಫಲ್ ಎಂದು ಕೊಂಡುಬಿಡುತ್ತಾರೆ. ಆದರೆ ಅದಕ್ಕೆ ತೋಳುಗಳಿದ್ದರೆ, ಹೆಸರು ಏನೇ ಇರಲಿ, ಅದು ಸ್ನ್ಯಾಫಲ್ ಅಲ್ಲ. ಅದರ ಬಲ ಕರ್ಬ್‌ನ ಬಲವೇ. ಮೆಲುದನಿಯಲ್ಲಿ ಹೇಳಿದ ಮಾತೆಲ್ಲ ಮೃದುವಾದ ಮಾತಲ್ಲವೆಂಬುದು ಕುಟುಂಬಗಳಲ್ಲಿ ಬಾಳಿದ ನಮಗೆ ತಿಳಿಯದ ವಿಷಯವೇನಲ್ಲ.

ಆಯ್ಕೆಯೆಂಬ ವಿವೇಕ

ಹಾಗಾದರೆ ತಕ್ಕ ಕಡಿವಾಣವನ್ನು ಆರಿಸುವುದು ಹೇಗೆ? ಮೊದಲು ಬಾಯಿಯ ಅಗಲವನ್ನು ಅಳೆಯಬೇಕು. ಅಲ್ಲಿನ ಕುದುರೆಗಳಲ್ಲಿ ಬಹುಪಾಲಿಗೆ ಐದು ಅಂಗುಲದ ಸರಳು ಸರಿಹೋಗುತ್ತದೆ. ಆದರೂ ಅಳೆಯದೆ ಹಾಕುವಂತಿಲ್ಲ. ಕಿರಿದಾದರೆ ತುಟಿಯ ಅಂಚು ಸಿಕ್ಕಿಬೀಳುತ್ತದೆ, ಅಗಲವಾದರೆ ಅತ್ತಿತ್ತ ಸರಿದಾಡಿ ಉಜ್ಜುತ್ತದೆ. ಸರಳು ತೆಳುವಾದಷ್ಟೂ ಕೊರೆಯುತ್ತದೆ. ದಪ್ಪವಾದಷ್ಟೂ ಒತ್ತಡ ಹರಡಿಕೊಳ್ಳುತ್ತದೆ. ಆದರೆ ಅತಿ ದಪ್ಪವಾದ ಸರಳು ಸಣ್ಣ ಬಾಯಿಗೆ ತುರುಕಿದಂತಾಗುತ್ತದೆ. ತಂತಿಯನ್ನು ಹೊಸೆದು ಮಾಡಿದ ಸರಳುಗಳೂ ಮಾರುಕಟ್ಟೆಯಲ್ಲಿವೆ. ಅವು ಒಸಡನ್ನು ಗಾಯಗೊಳಿಸಬಲ್ಲವು. ಲೋಹವನ್ನೂ ನೋಡಬೇಕು. ತಾಮ್ರ ಅಥವಾ ಮೆದು ಕಬ್ಬಿಣ ಬಾಯಲ್ಲಿ ಜೊಲ್ಲೂರಿಸುತ್ತವೆ. ಒದ್ದೆಯಾದ ಬಾಯಿ ಸಮಾಧಾನದಲ್ಲಿರುವ ಬಾಯಿ ಎಂಬುದು ಕಸುಬುದಾರರ ಅನುಭವ.

ಇವೆಲ್ಲಕ್ಕಿಂತ ಮೊದಲು ನೋಡಬೇಕಾದುದು ಹಲ್ಲು. ಎರಡೂವರೆ ವರ್ಷದಿಂದ ಸುಮಾರು ಐದು ವರ್ಷದವರೆಗೆ ಕುದುರೆಯ ಹಾಲುಹಲ್ಲುಗಳು ಉದುರಿ ಹೊಸ ಹಲ್ಲುಗಳು ಬರುತ್ತಿರುತ್ತವೆ. ಪಳಗಿಸುವ ಕೆಲಸ ನಡೆಯುವುದೂ ಅದೇ ವಯಸ್ಸಿನಲ್ಲಿ. ಕೆಲವು ಕುದುರೆಗಳಿಗೆ ದವಡೆಹಲ್ಲಿನ ಮುಂದೆ ಒಂದು ಪುಟ್ಟ ಹಲ್ಲಿರುತ್ತದೆ. ಅಲ್ಲಿಯವರು ಅದನ್ನು ತೋಳಹಲ್ಲು ಎನ್ನುತ್ತಾರೆ. ಕಡಿವಾಣ ಅದಕ್ಕೆ ತಾಗಿದರೆ ಕುದುರೆಗೆ ಯಾತನೆ. ಆದುದರಿಂದ ಕಡಿವಾಣ ತೊಡಿಸುವ ಮೊದಲೇ ಪಶುವೈದ್ಯರಿಂದ ಬಾಯಿಯನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯ ಪದ್ಧತಿ.

ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಮಾಡಬೇಕಾದ ಕಾರ್ಯದ ಕುರಿತಾದ ಸರಿಯಾದ ತಿಳಿವಳಿಕೆಯೆಂದು ವಿವರಿಸಿದ್ದಾರೆ. ಗುರುಮಠದ ದಿನಗಳಲ್ಲಿ ಆ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ಮನದಟ್ಟಾದದ್ದು ಮಾತ್ರ ಒಬ್ಬ ದನಗಾಹಿ ತನ್ನ ಒರಟು ಬೆರಳಿನಿಂದ ಮರಿಯೊಂದರ ಒಸಡನ್ನು ತಡವಿ, ಗೋಡೆಯ ಮೇಲಿನ ನಲವತ್ತರಲ್ಲಿ ಒಂದನ್ನು ಆರಿಸಿದಾಗ. ಆತ 'ಯಾವುದು ಒಳ್ಳೆಯ ಕಡಿವಾಣ' ಎಂದು ಕೇಳಲಿಲ್ಲ. 'ಈ ಬಾಯಿಗೆ, ಈ ವಯಸ್ಸಿನಲ್ಲಿ, ನನ್ನ ಈ ಕೈಗೆ ಯಾವುದು ಒಳ್ಳೆಯದು' ಎಂದು ಕೇಳಿಕೊಂಡರು.

ತೊಡಿಸುವ ಬಗೆ

ಆಯ್ಕೆಯಷ್ಟೇ ಮುಖ್ಯವಾದದ್ದು ತೊಡಿಸುವ ರೀತಿ. ಮೊದಲು ತಲೆಯನ್ನು ತಗ್ಗಿಸಲು ಕುದುರೆಗೆ ಕಲಿಸುತ್ತಾರೆ. ಕಿವಿ, ಹಣೆ, ತುಟಿಗಳನ್ನು ಮುಟ್ಟಿದರೆ ಬೆದರದಷ್ಟು ಸಲಿಗೆ ಬೆಳೆಯಬೇಕು. ಚಳಿಗಾಲದಲ್ಲಿ ಲೋಹ ಮಂಜಿನಂತೆ ತಣ್ಣಗಿರುತ್ತದೆ. ಆ ಹಿರಿಯರು ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬೆಚ್ಚಗಾಗಿಸಿ ತರುತ್ತಿದ್ದರು. ಕೆಲವರು ಸರಳಿಗೆ ಒಂದಿಷ್ಟು ಜೇನು ಸವರುತ್ತಾರೆ. ತುಟಿಯ ಮೂಲೆಯಿಂದ, ಹಲ್ಲಿಲ್ಲದ ಜಾಗದಲ್ಲಿ ಹೆಬ್ಬೆರಳನ್ನು ಮೆಲ್ಲನೆ ಒಳಗಿಟ್ಟರೆ ಕುದುರೆ ತಾನಾಗಿ ಬಾಯಿ ತೆರೆಯುತ್ತದೆ. ಸರಳನ್ನು ಹಲ್ಲಿಗೆ ಬಡಿಯದಂತೆ ಒಳಗೆ ಸೇರಿಸಬೇಕು. ತೆಗೆಯುವಾಗ ಇನ್ನೂ ಹೆಚ್ಚು ತಾಳ್ಮೆ ಬೇಕು. ಕುದುರೆ ತಾನೇ ಬಾಯಿ ಬಿಟ್ಟು ಅದನ್ನು ಕೆಳಗಿಳಿಸುವ ತನಕ ಕಾಯಬೇಕು. ಅವಸರದಲ್ಲಿ ಎಳೆದುಕೊಂಡರೆ ಹಲ್ಲಿಗೆ ತಾಗಿ, ಮರುದಿನದಿಂದ ಅದು ತಲೆ ಎತ್ತಿ ಓಡಲು ಕಲಿಯುತ್ತದೆ.

ಮೊದಲ ದಿನಗಳಲ್ಲಿ ಲಗಾಮನ್ನೇ ಕಟ್ಟುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ಬಾಯಲ್ಲಿ ಬರಿ ಕಡಿವಾಣವಿಟ್ಟುಕೊಂಡು ಕಣ್ಣೆದುರಿನಲ್ಲಿಯೇ ಅಡ್ಡಾಡಲು ಬಿಡುತ್ತಾರೆ. ಅದು ಮೊದಲು ಜಗಿಯುತ್ತದೆ, ನಾಲಗೆಯಿಂದ ತಳ್ಳುತ್ತದೆ, ಕೊನೆಗೆ ಸುಮ್ಮನಾಗುತ್ತದೆ. ಬಳಿಕ ಸವಾರ ಹಿಂದೆ ನಡೆಯುತ್ತ ಉದ್ದನೆಯ ಹಗ್ಗಗಳಿಂದ ಎಡ ಬಲ ತಿರುಗುವುದನ್ನು ಕಲಿಸುತ್ತಾನೆ. ಬೆನ್ನ ಮೇಲೆ ಕೂರುವುದು ಅನಂತರದ ಮಾತು. ಇಡೀ ಶಿಕ್ಷಣದ ಗುಟ್ಟು ಎಳೆಯುವುದರಲ್ಲಿಲ್ಲ, ಬಿಡುವುದರಲ್ಲಿದೆ. ಕುದುರೆ ಸರಿಯಾದ ದಿಕ್ಕಿಗೆ ಕೂದಲೆಳೆಯಷ್ಟು ವಾಲಿದರೂ ಆ ಕ್ಷಣವೇ ಕೈ ಸಡಿಲವಾಗಬೇಕು. ಆ ಸಡಿಲಿಕೆಯಿಂದಲೇ ಅದು ಕಲಿಯುತ್ತದೆ. ಮಾತು ಕೇಳಿದ ಮೇಲೂ ಎಳೆಯುತ್ತಲೇ ಇದ್ದರೆ, ಕೇಳಿದರೂ ಒಂದೇ ಕೇಳದಿದ್ದರೂ ಒಂದೇ ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಮಗ ಓದಲು ಕುಳಿತ ಮೇಲೂ ನಿನ್ನೆಯ ತಪ್ಪನ್ನು ಎತ್ತಿ ಆಡುವ ಹೆತ್ತವರು ಇದನ್ನು ಗಮನಿಸಬೇಕು.

ಸ್ನ್ಯಾಫಲ್‌ನಲ್ಲಿ ಸವಾರನ ಕಾಲಿನ ಸ್ಪರ್ಶಕ್ಕೆ, ಕೂರುವ ಭಂಗಿಗೆ, ಕುತ್ತಿಗೆಗೆ ತಾಗುವ ಲಗಾಮಿನ ಸೋಕಿಗೆ ಕುದುರೆ ಸ್ಪಂದಿಸಲು ಕಲಿತ ಮೇಲೆಯೇ ಕರ್ಬ್‌ನ ಸರದಿ. ಆಗ ಗಲ್ಲದ ಪಟ್ಟಿಯ ಒಳಗೆ ಎರಡು ಬೆರಳು ಹಿಡಿಸುವಷ್ಟು ಸಡಿಲ ಬಿಟ್ಟು, ಚಿಕ್ಕ ತೋಳಿನ ಕಡಿವಾಣದಿಂದ ಆರಂಭಿಸುತ್ತಾರೆ. ಲಗಾಮು ಜೋತುಬಿದ್ದಿರುತ್ತದೆ, ಒಂದೇ ಕೈ ಸಾಕಾಗುತ್ತದೆ. 1940ರಲ್ಲಿ ಸ್ಥಾಪನೆಯಾದ ಅಮೆರಿಕನ್ ಕ್ವಾರ್ಟರ್ ಹಾರ್ಸ್ ಸಂಘದ ಸ್ಪರ್ಧೆಗಳಲ್ಲಿಯೂ ಐದು ವರ್ಷ ಮತ್ತು ಅದಕ್ಕಿಂತ ಕಿರಿಯ ಕುದುರೆಗಳನ್ನು ಸ್ನ್ಯಾಫಲ್‌ನಲ್ಲಿ ಎರಡು ಕೈಗಳಿಂದ ನಡೆಸಲು ಅವಕಾಶ ಕೊಡುವ ಪದ್ಧತಿ ಬಂದಿದೆ. ಎಳೆಯ ವಯಸ್ಸಿಗೆ ಸಲ್ಲಬೇಕಾದ ರಿಯಾಯಿತಿಯನ್ನು ನಿಯಮವೇ ಒಪ್ಪಿಕೊಂಡಿದೆ.

ಒಂದು ಕೆಂಗುದುರೆಯ ಕಥೆ

ಒಂದು ಸಂಜೆ ನೆರೆಯ ದೊಡ್ಡಿಯ ಯುವಕನೊಬ್ಬ ತನ್ನ ಕೆಂಗುದುರೆಯನ್ನು ಹಿಡಿದು ತಂದ. ಅದು ತಲೆ ಕೊಡವುತ್ತದೆ, ಬಾಯಿ ಬಿಡುತ್ತದೆ, ಹಠಾತ್ತನೆ ಕಿತ್ತುಕೊಂಡು ಓಡುತ್ತದೆ ಎಂಬುದು ಅವನ ದೂರು. ಮೊದಲು ಸಾದಾ ಸ್ನ್ಯಾಫಲ್ ಹಾಕಿದ್ದನಂತೆ. ನಿಲ್ಲಲಿಲ್ಲವೆಂದು ಹೊಸೆದ ತಂತಿಯದನ್ನು ಹಾಕಿದ. ಅದಕ್ಕೂ ಬಗ್ಗಲಿಲ್ಲವೆಂದು ಉದ್ದ ತೋಳಿನ ಕರ್ಬ್ ಹಾಕಿದ. ಈಗ ಇನ್ನೂ ಬಿಗಿಯಾದುದೊಂದನ್ನು ಎರವಲು ಕೇಳಲು ಬಂದಿದ್ದ. ಹಿರಿಯರು ಗೋಡೆಯ ಕಡೆ ನೋಡಲೇ ಇಲ್ಲ. ಕುದುರೆಯ ಕುತ್ತಿಗೆಯನ್ನು ಸವರುತ್ತ ಬಹಳ ಹೊತ್ತು ನಿಂತರು. ಆಮೇಲೆ ಬಾಯಿಯಲ್ಲಿ ಬೆರಳಾಡಿಸಿದರು. ಮರುದಿನ ಪಶುವೈದ್ಯರು ಬಂದು ನೋಡಿದಾಗ ಸರಳು ತಾಗುವ ಕಡೆ ತೋಳಹಲ್ಲು ಇತ್ತು. ಒಸಡಿನ ಮೇಲೆ ತಂತಿ ಮಾಡಿದ ಗಾಯವೂ ಇತ್ತು. ಅದು ಓಡುತ್ತಿದ್ದದ್ದು ಸವಾರನ ಮಾತನ್ನು ಧಿಕ್ಕರಿಸಿ ಅಲ್ಲ, ತನ್ನ ನೋವಿನಿಂದ ತಪ್ಪಿಸಿಕೊಳ್ಳಲು. ನೋವು ಹೆಚ್ಚಿದಷ್ಟೂ ಓಟ ಹೆಚ್ಚಿತ್ತು. ಓಟ ಹೆಚ್ಚಿದಷ್ಟೂ ಕಡಿವಾಣ ಬಿಗಿಯಾಗಿತ್ತು.

ಹಲ್ಲನ್ನು ಕಿತ್ತರು, ಗಾಯ ಮಾಯುವ ತನಕ ಬಾಯಿಗೆ ಏನನ್ನೂ ಹಾಕಲಿಲ್ಲ, ಬಳಿಕ ಮತ್ತೆ ಮೊದಲ ಪಾಠದಿಂದ ಸಾದಾ ಸ್ನ್ಯಾಫಲ್‌ನಲ್ಲಿ ಆರಂಭಿಸಿದರು. ಎಲ್ಲವೂ ಒಮ್ಮೆಗೇ ಸರಿಹೋಯಿತೆಂದು ಹೇಳಲಾರೆ. ಎಷ್ಟೋ ತಿಂಗಳು ಯಾರಾದರೂ ಮುಖದ ಬಳಿ ಕೈ ತಂದರೆ ಅದು ತಲೆಯನ್ನು ಥಟ್ಟನೆ ಮೇಲೆತ್ತುತ್ತಿತ್ತು. ನೋವು ಹೋಗಿತ್ತು, ನೋವಿನ ನೆನಪು ಹೋಗಿರಲಿಲ್ಲ.

ಆ ತಲೆ ಮೇಲೆದ್ದ ಬಗೆಯನ್ನು ನಾನು ಹಿಂದೆ ಕಂಡಿದ್ದೆ. ಗುರುದೀಕ್ಷೆಯ ಹೊಸತರಲ್ಲಿ ನಾನೊಂದು ಬಾಲಕರ ವಿದ್ಯಾರ್ಥಿನಿಲಯದ ಮೇಲ್ವಿಚಾರಕನಾಗಿದ್ದೆ. ಅಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನಿದ್ದ. ಕರೆದರೆ ಓಗೊಡುತ್ತಿರಲಿಲ್ಲ, ಹೇಳಿದ್ದನ್ನು ಮಾಡುತ್ತಿರಲಿಲ್ಲ, ಕೇಳಿದರೆ ನೆಲ ನೋಡುತ್ತ ನಿಲ್ಲುತ್ತಿದ್ದ. ಮೊದಲು ಗದರಿಸಿದೆ. ಬಳಿಕ ಮೊಣಕಾಲೂರಿಸಿದೆ. ಕೊನೆಗೆ ಬೆತ್ತ ಹಿಡಿದೆ. ಆ ಕಾಲದಲ್ಲಿ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಶಿಸ್ತಿನ ಗುರುಗಳೆಂಬ ಹೊಗಳಿಕೆಯೇ ದೊರೆಯುತ್ತಿತ್ತು. ಒಂದು ಭಾನುವಾರ ಅವನ ತಾಯಿ ಬಂದಿದ್ದರು. ಹೋಗುವಾಗ ಹಿಂಜರಿಯುತ್ತ, "ಸ್ವಾಮಿ, ಇವನಿಗೆ ಸಣ್ಣವನಿದ್ದಾಗಿಂದ ಎಡಗಿವಿ ಸೋರ್ತದೆ. ಆ ಕಡೆಯಿಂದ ಮಾತಾಡಿದ್ರೆ ಕೇಳಲ್ಲ. ಒಸಿ ಮುಂದೆ ಕೂರಿಸ್ತೀರಾ?" ಎಂದರು. ಅವನ ಹಾಸಿಗೆ, ಊಟದ ಸಾಲು, ಓದುವ ಬೆಂಚು – ಎಲ್ಲವೂ ನನ್ನ ದನಿಗೆ ಎಡಗಿವಿಯಾಗುವಂತೆ ಇದ್ದವು. ಅಂದೇ ಜಾಗ ಬದಲಿಸಿದೆ, ಆಸ್ಪತ್ರೆಗೆ ಕಳುಹಿಸಿದೆ. ಹುಡುಗ ಎಲ್ಲರಂತಾದ. ಆದರೆ ಮೆಚ್ಚುಗೆಯಿಂದ ಬೆನ್ನು ತಟ್ಟಲು ನಾನು ಕೈ ಎತ್ತಿದಾಗಲೆಲ್ಲ ಅವನ ಮೊಣಕೈ ಮುಖಕ್ಕೆ ಅಡ್ಡ ಬರುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ಪರೀಕ್ಷೆ. ನಾನು ಕೊಟ್ಟದ್ದು ಶಿಕ್ಷೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಕಾನೂನು ಬೆತ್ತವನ್ನು ಕಸಿದುಕೊಳ್ಳಬಲ್ಲದು. ಬೆತ್ತಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ನಮ್ಮ ಬಾಯಲ್ಲಿ ಹುಟ್ಟಿಸಲಾರದು. 'ಇವನು ಯಾಕೆ ಕೇಳುತ್ತಿಲ್ಲ?' ಎಂಬುದನ್ನು ನಾವು ಬಹುತೇಕ ಬೈಗುಳವಾಗಿ ಆಡುತ್ತೇವೆ. ಅದನ್ನು ಒಮ್ಮೆ ನಿಜವಾದ ಪ್ರಶ್ನೆಯಾಗಿ ಕೇಳಿದ್ದರೆ ಸಾಕಿತ್ತು.

ತಾಳ್ಮೆ ಯಾರ ಪಾಲಿಗೆ?

ಆ ಹಿರಿಯರ ಗೋಡೆಯ ಒಂದು ಮೂಲೆಯಲ್ಲಿ ಬೆಳ್ಳಿಯ ಕೆತ್ತನೆಯಿದ್ದ ಒಂದು ಕಡಿವಾಣವಿತ್ತು. ಅದರ ನಡುವೆ ಚಮಚದ ಆಕಾರದ ಉದ್ದನೆಯ ಎಲೆಯೊಂದು ಮೇಲಕ್ಕೆ ಚಾಚಿತ್ತು. ನೋಡಿದರೆ ಮೈ ನಡುಗುವಂತಿದ್ದ ಅದನ್ನು ಸ್ಪೇಡ್ ಕಡಿವಾಣ ಎನ್ನುತ್ತಾರೆ. ಸ್ಪೇನಿನವರಿಂದ ಮೆಕ್ಸಿಕೊಗೆ, ಅಲ್ಲಿಂದ ಕ್ಯಾಲಿಫೋರ್ನಿಯಕ್ಕೆ ಬಂದ ವಕೇರೊಗಳೆಂಬ ದನಗಾಹಿಗಳ ಪರಂಪರೆಗೆ ಸೇರಿದ ವಸ್ತು ಅದು. ಆ ಪರಂಪರೆಯಲ್ಲಿ ಮರಿಯ ಬಾಯಿಗೆ ಮೊದಮೊದಲು ಲೋಹವನ್ನೇ ತೊಡಿಸುವುದಿಲ್ಲ. ಹಸಿ ತೊಗಲನ್ನು ಹೆಣೆದು ಮಾಡಿದ ಬೊಸಾಲ್ ಎಂಬ ಮೂಗುಪಟ್ಟಿಯಲ್ಲಿಯೇ, ಹಲ್ಲುಗಳು ಬದಲಾಗುವ ವರ್ಷಗಳನ್ನು ಕಳೆಯುತ್ತಾರೆ. ಬಳಿಕ ಕಡಿವಾಣವನ್ನು ಬಾಯಲ್ಲಿಟ್ಟರೂ ಬಹುಕಾಲ ಅದನ್ನು ಮುಟ್ಟದೆ, ತೆಳುವಾದ ಮೂಗುಪಟ್ಟಿಯಿಂದಲೇ ಸೂಚನೆ ಕೊಡುತ್ತಾರೆ. ಇಷ್ಟೆಲ್ಲ ವರ್ಷಗಳಾದ ಮೇಲೆ ಸ್ಪೇಡ್ ಒಂದೇ ಉಳಿಯುತ್ತದೆ. ಆಗ ಸವಾರನ ಬೆರಳಿನ ಅಲುಗಾಟವೇ ಸಾಕು. ಅಂತಹ ಕುದುರೆಯ ಲಗಾಮನ್ನು ಬಾಲದ ಒಂದೇ ಕೂದಲಿನಿಂದ ಕಡಿವಾಣಕ್ಕೆ ಕಟ್ಟಿ, ಕೂದಲು ಹರಿಯದಂತೆ ಸವಾರಿ ಮಾಡಬಹುದೆಂದು ಹೇಳುವುದುಂಟು.

ಇಲ್ಲೊಂದು ಆಶ್ಚರ್ಯವಿದೆ. ಎಲ್ಲಕ್ಕಿಂತ ಕಠಿಣವಾದ ಉಪಕರಣ ದೊರೆಯುವುದು ಅದರ ಕಾಠಿಣ್ಯದ ಅಗತ್ಯವೇ ಇಲ್ಲದ ಕುದುರೆಗೆ, ಅದರ ಕಾಠಿಣ್ಯವನ್ನು ಎಂದೂ ಬಳಸದ ಕೈಗೆ. ನಾವಾದರೋ ಇದನ್ನು ತಲೆಕೆಳಗು ಮಾಡಿದ್ದೇವೆ. ಯಾರು ನಮ್ಮ ಮಾತು ಕೇಳುವುದಿಲ್ಲವೋ ಅವರ ಮೇಲೆ, ನಮ್ಮ ಕೈ ಯಾವಾಗ ನಡುಗುತ್ತಿದೆಯೋ ಆಗ, ಅತಿ ಕಠಿಣವಾದುದನ್ನು ಎತ್ತಿಕೊಳ್ಳುತ್ತೇವೆ. ಕಠಿಣ ಉಪಕರಣವನ್ನು ಹಿಡಿಯುವ ಯೋಗ್ಯತೆ ಬರುವುದು ಅದಿಲ್ಲದೆಯೂ ನಡೆಸಬಲ್ಲವರಿಗೆ ಮಾತ್ರ.

ಆದರೆ ಈ ಪರಂಪರೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ಸರಿಯಲ್ಲ. 1769ರಲ್ಲಿ ಸಾನ್ ಡಿಯೇಗೊದಲ್ಲಿ ಸಂತ ಜುನಿಪೆರೊ ಸೆರ್ರಾರವರು ಆರಂಭಿಸಿದ ಫ್ರಾನ್ಸಿಸ್ಕನ್ ಧರ್ಮಪ್ರಚಾರ ಕೇಂದ್ರಗಳು ಮುಂದೆ 21ಕ್ಕೆ ಬೆಳೆದವು. ಅವುಗಳ ದನದ ಹಿಂಡುಗಳನ್ನು ಕಾಯಲು ಅಲ್ಲಿನ ಮೂಲನಿವಾಸಿಗಳಿಗೆ ಕುದುರೆ ಸವಾರಿ ಕಲಿಸಲಾಯಿತು. ಅವರೇ ಕ್ಯಾಲಿಫೋರ್ನಿಯದ ಮೊದಲ ವಕೇರೊಗಳು. ಅದೇ ಕೇಂದ್ರಗಳಲ್ಲಿ, ಅನುಮತಿಯಿಲ್ಲದೆ ಹೊರಟುಹೋದ ಮೂಲನಿವಾಸಿಗಳನ್ನು ಹಿಡಿದು ತಂದು ಚಾಟಿಯಿಂದ ಹೊಡೆಯುವ ಶಿಕ್ಷೆಯೂ ಇತ್ತು. 2015ರಲ್ಲಿ ಸೆರ್ರಾರವರನ್ನು ಸಂತರೆಂದು ಘೋಷಿಸಿದಾಗ ಮೂಲನಿವಾಸಿಗಳಲ್ಲಿ ಹಲವರು ನೊಂದು ಪ್ರತಿಭಟಿಸಿದ್ದು ಇದೇ ಕಾರಣದಿಂದ. ಕುದುರೆಯ ಬಾಯಿಗಾಗಿ ವರ್ಷಗಟ್ಟಲೆ ಕಾಯುವುದನ್ನು ಬಲ್ಲ ಒಂದು ಲೋಕ ಮನುಷ್ಯನ ಬೆನ್ನಿಗಾಗಿ ಕಾಯಲಿಲ್ಲ. ತಾಳ್ಮೆ ನಮ್ಮಲ್ಲಿ ಇಲ್ಲದಿರುವುದಲ್ಲ. ಅದನ್ನು ಯಾರಿಗೆ ಕೊಡಬೇಕೆಂದು ನಾವು ಆರಿಸುತ್ತೇವೆ. ಮೇಲಧಿಕಾರಿಯ ಮುಂದೆ ಉಕ್ಕಿ ಹರಿಯುವ ನಮ್ಮ ತಾಳ್ಮೆ ಮನೆಗೆಲಸದವಳ ಮುಂದೆ, ವಯಸ್ಸಾದ ತಾಯಿಯ ಮುಂದೆ, ಹೋಮ್‌ವರ್ಕ್ ಮಾಡದ ಮಗುವಿನ ಮುಂದೆ ಬತ್ತಿಹೋಗುವುದು ಹೇಗೆ?

ಇದಕ್ಕೆ ಪ್ರತಿಯಾದ ಒಂದು ಬದುಕೂ ಅದೇ ನೆಲದಲ್ಲಿದೆ. ಕುದುರೆಗಳನ್ನು ಮೃದುವಾಗಿ ಪಳಗಿಸುವುದನ್ನು ಕಲಿಸುವ ಬಕ್ ಬ್ರಾನಮನ್ ಬಾಲ್ಯದಲ್ಲಿ ತಂದೆಯಿಂದ ಘೋರವಾಗಿ ಹೊಡೆತ ತಿಂದವರು. ಶಾಲೆಯ ಕ್ರೀಡಾ ತರಬೇತುದಾರರು ಬೆನ್ನಿನ ಬಾಸುಂಡೆಗಳನ್ನು ಕಂಡ ಮೇಲೆ ಅವರನ್ನೂ ಅವರ ಅಣ್ಣನನ್ನೂ ಸಾಕು ಮನೆಯೊಂದಕ್ಕೆ ಸೇರಿಸಲಾಯಿತು. ಬೆಳೆದ ಮೇಲೆ ಅವರು ರೇ ಹಂಟ್ ಎಂಬ ಗುರುವಿನಿಂದ ಕುದುರೆಯ ಮನಸ್ಸನ್ನು ಅರಿಯುವ ವಿದ್ಯೆಯನ್ನು ಕಲಿತರು. ಅವರ ಜೀವನವನ್ನು ಕುರಿತ 'ಬಕ್' ಎಂಬ ಸಾಕ್ಷ್ಯಚಿತ್ರ 2011ರಲ್ಲಿ ಬಂದಿತು. ಹೊಡೆಸಿಕೊಂಡ ಮಗು ಹೊಡೆಯುವ ಗಂಡಸಾಗಲೇಬೇಕೆಂಬ ವಿಧಿಯೇನೂ ಇಲ್ಲ. "ನಮ್ಮಪ್ಪ ಹೊಡೆದೇ ನಾನು ಮನುಷ್ಯನಾದೆ" ಎಂದು ಎದೆತಟ್ಟಿ ಹೇಳುವವರು ಈ ಬದುಕನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ಕಡಿವಾಣವೇ ಬೇಡವೇ? ಅದನ್ನು ಕಿತ್ತೆಸೆಯಬೇಕೆನ್ನುವವರೂ ಅಮೆರಿಕದಲ್ಲಿದ್ದಾರೆ. ಕಡಿವಾಣವಿಲ್ಲದೆ ಸುಖವಾಗಿ ಸವಾರಿ ಮಾಡುವವರೂ ಇದ್ದಾರೆ. ಆದರೆ ಮೂಗಿನ ಮೇಲಿನ ಹಗ್ಗವೂ ಒರಟು ಕೈಯಲ್ಲಿ ಮೂಗನ್ನು ಕಿತ್ತುಹಾಕಬಲ್ಲದು. ಏನನ್ನೂ ಕಲಿಸದೆ ಬಿಟ್ಟ ಕುದುರೆಗಾದರೂ ಒಳ್ಳೆಯದಾಗುವುದಿಲ್ಲ. ಅದು ಜನರಿಗೆ ಅಪಾಯವೆನಿಸಿ ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗುತ್ತದೆ. ಮಕ್ಕಳನ್ನು ಅವರ ಪಾಡಿಗೆ ಬಿಡುವುದು ಪ್ರೀತಿಯಲ್ಲ. ಅದೂ ಒಂದು ಬಗೆಯ ಸೋಮಾರಿತನ. ಬಿಗಿಯಾಗಿ ಎಳೆಯುವವನೂ ಲಗಾಮನ್ನು ಬಿಸುಟವನೂ ಒಂದೇ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ಆ ಕೆಲಸವೆಂದರೆ ಎದುರಿಗಿರುವ ಜೀವವನ್ನು ಗಮನವಿಟ್ಟು ನೋಡುವುದು.

ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸಿನ ಕ್ಸೆನೊಫೋನ್ ಕುದುರೆ ಸವಾರಿಯ ಕುರಿತು ಒಂದು ಗ್ರಂಥ ಬರೆದರು. ಕೋಪದಲ್ಲಿರುವಾಗ ಕುದುರೆಯೊಡನೆ ವ್ಯವಹರಿಸಬಾರದೆಂಬುದು ಅವರ ಮುಖ್ಯ ಉಪದೇಶಗಳಲ್ಲಿ ಒಂದು. ಸಂತ ಯಕೋಬರೂ ತಮ್ಮ ಪತ್ರದ ಮೂರನೆಯ ಅಧ್ಯಾಯದಲ್ಲಿ ಕುದುರೆಯ ಬಾಯಿಗೆ ಹಾಕುವ ಕಡಿವಾಣವನ್ನು ನೆನೆಯುತ್ತಾರೆ. ಆದರೆ ಅವರು ಅದನ್ನು ಎತ್ತಿಕೊಂಡದ್ದು ಕುದುರೆಯ ಬಗ್ಗೆ ಹೇಳುವುದಕ್ಕಲ್ಲ, ಮತ್ತೊಬ್ಬರನ್ನು ಬಗ್ಗಿಸುವುದನ್ನು ಕಲಿಸುವುದಕ್ಕೂ ಅಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ನಾಲಗೆಯನ್ನು ಹಿಡಿತದಲ್ಲಿಡುವುದರ ಬಗ್ಗೆ. ಇತರರಿಗಾಗಿ ನಾವು ಹುಡುಕುತ್ತಿರುವ ಕಡಿವಾಣವನ್ನು ಅವರು ನಮ್ಮ ಬಾಯಿಗೇ ತಂದಿಡುತ್ತಾರೆ.

ಟೆಕ್ಸಾಸಿನಿಂದ ಮರಳಿದ ಬಳಿಕ ನಾನು ಆ ಹುಡುಗನ ಊರನ್ನು ವಿಚಾರಿಸಿಕೊಂಡು ಹೋದೆ. ಈಗ ಅವನೂ ಎರಡು ಮಕ್ಕಳ ತಂದೆ. ವಿದ್ಯುತ್ ರಿಪೇರಿ ಕೆಲಸ ಮಾಡುತ್ತಾನೆ. ಮಾತನಾಡುವಾಗ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡ. ಹಳೆಯ ದಿನಗಳನ್ನು ನೆನಪಿಸಿ, ತಪ್ಪಾಯಿತು ಎಂದೆ. ಅವನು ತಡಬಡಿಸಿ, "ಅದೆಲ್ಲ ಯಾಕೆ ಸ್ವಾಮಿ, ಈಗ ಊಟ ಮಾಡಿ" ಎಂದ. ಹೊರಡುವಾಗ ಆಶೀರ್ವಾದ ಬೇಡಿ ತಲೆಬಾಗಿದ. ನಾನು ಕೈ ಎತ್ತಿದೆ. ಅವನ ಕಣ್ಣುಗಳು ಒಂದು ಕ್ಷಣ ಬಿಗಿಯಾಗಿ ಮುಚ್ಚಿಕೊಂಡವು. ಅದು ಭಕ್ತಿಯೋ, ಹಳೆಯ ನೆನಪೋ, ಕೇಳುವ ಧೈರ್ಯ ನನಗಾಗಲಿಲ್ಲ. ಕೈಯನ್ನು ಬಹಳ ಮೆಲ್ಲಗೆ ಅವನ ತಲೆಯ ಮೇಲಿಟ್ಟೆ.

ಪ್ರಿಯ ಓದುಗರೇ, ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲಿಯೂ ಅಂತಹ ಒಂದು ಗೋಡೆ ಇದೆ. ಮೌನ, ಗದರಿಕೆ, ಹಂಗಿಸುವಿಕೆ, ಬೆತ್ತ, ಹಣ ಕೊಡದಿರುವುದು, ಮಾತು ಬಿಡುವುದು – ನಾವು ತಾಳ್ಮೆ ಕಳೆದುಕೊಂಡಾಗಲೆಲ್ಲ ಸಂಗ್ರಹಿಸಿದ ಕಡಿವಾಣಗಳು ಅಲ್ಲಿ ಸಾಲಾಗಿ ತೂಗಾಡುತ್ತಿವೆ. ಇಂದು ಸಂಜೆ ಅವುಗಳಲ್ಲೊಂದಕ್ಕೆ ಕೈ ಚಾಚುವ ಮೊದಲು, ಎದುರಿಗಿರುವವರ ಬಾಯಲ್ಲಿ ಎಲ್ಲಿ ನೋಯುತ್ತಿದೆ ಎಂದು ಒಮ್ಮೆ ನೋಡೋಣ. ಚಾಚಿದ ನಮ್ಮ ಕೈಯನ್ನೂ ಒಮ್ಮೆ ನೋಡಿಕೊಳ್ಳೋಣ.